ಬಾಡಿಗೆಗೆ ಸಮಾಧಾನ

ಸುದ್ದಿ ಬಂದಾಗ ಸ್ಲಾಮಾ ಮೇಲಿನ ಕೋಣೆಯಲ್ಲಿ ಮಂಚ ಜೋಡಿಸುತ್ತಿದ್ದ. ಅವನ ಸುತ್ತಿಗೆಯ ಒಂದೊಂದು ಪೆಟ್ಟೂ ಅಡಿಗೆಮನೆಯ ತೊಲೆಗೆ ಇಳಿದು, ಅಲ್ಲಿ ಹಗ್ಗದ ಮೇಲೆ ಒಣಗಲು ಹಾಕಿದ್ದ ಓಟ್ ರೊಟ್ಟಿಗಳನ್ನು ಅಲುಗಿಸುತ್ತಿತ್ತು. ನಿರಾಶ್ರಿತರ ಸಮಿತಿಯ ಮಿಸ್ ಏಕ್‌ರಾಯ್ಡ್ ಕುಳಿತುಕೊಳ್ಳಲಿಲ್ಲ, ಕೈಗವಸನ್ನೂ ತೆಗೆಯಲಿಲ್ಲ. "ರೂಜೆನಾ ದಾಟ್ಲಿಲ್ಲ, ಮೇಷ್ಟ್ರೇ," ಎಂದರು. ದಾಟಲಿಲ್ಲ ಎಂದರೆ ಮುಂದಿನ ವಾರ ದಾಟುತ್ತಾಳೆ ಎಂದೇ ಗ್ರೀನ್‌ವುಡ್ ಮೇಷ್ಟರು ಮೊದಲು ತಿಳಿದುಕೊಂಡರು. ಆಮೇಲೆ, ಹೆಂಡತಿ ಹ್ಯಾನಾಳ ಕೈ ಹಿಟ್ಟಿನ ಬೋಗುಣಿಯಲ್ಲಿ ಹಾಗೇ ನಿಂತುಬಿಟ್ಟದ್ದು ಕಣ್ಣಿಗೆ ಬಿತ್ತು. ರೂಜೆನಾ ಅವರ ಮನೆಯಲ್ಲಿ ಬಾಡಿಗೆಗಿದ್ದ ನಿರಾಶ್ರಿತ ಸ್ಲಾಮಾನ ಹೆಂಡತಿ. ಮೇಲೆ ಸಿದ್ಧವಾಗುತ್ತಿದ್ದ ಎರಡನೆಯ ಮಂಚ ಅವಳಿಗಾಗಿ. ಮಾರ್ಚ್ ತಿಂಗಳಲ್ಲಿ ಜರ್ಮನ್ ಸೈನ್ಯ ಪ್ರಾಗ್ ಪಟ್ಟಣಕ್ಕೆ ನುಗ್ಗಿದ ಮೇಲೆ ರೈಲಿನ ದಾರಿ ಮುಚ್ಚಿತ್ತು. ಅವಳು ಇನ್ನು ಕೆಲವರೊಂದಿಗೆ ಪೋಲೆಂಡಿನ ಕಡೆಗೆ ಬೆಟ್ಟ ಹತ್ತಿದ್ದಳು. ಹಿಮ ಬಿದ್ದಿತು. ಮುಂದೆ ಹೋದವರು ತಿರುಗಿ ನೋಡಿದಾಗ ಅವಳು ಹಿಂದೆ ಇರಲಿಲ್ಲ. ಗಡಿ ಕಾವಲಿನವರು ಮರುದಿನ ಕಂಡು ಅಲ್ಲಿಯ ಹಳ್ಳಿಯಲ್ಲೇ ಮಣ್ಣು ಮಾಡಿದರಂತೆ. ಇಷ್ಟು ಹೇಳಿ ಮಿಸ್ ಏಕ್‌ರಾಯ್ಡ್ ಮಾಳಿಗೆಯ ಕಡೆಗೆ ಕಣ್ಣೆತ್ತಿದರು. "ನಾನು ಹೇಳಿದ್ರೆ ಸಮಿತಿ ಹೇಳಿದ ಹಾಗಾಗುತ್ತೆ. ನಿಮ್ಮ ಬಾಯಿಂದ್ಲೇ ಆಗ್ಲಿ. ಮಾತು ನಿಮಗೆ ಒಲಿದಿದೆ."

ಮಾತು ಒಲಿದಿದೆ! ಮೆಟ್ಟಿಲು ಹತ್ತುತ್ತ ಮೇಷ್ಟರಿಗೆ ಆ ಹೊಗಳಿಕೆ ಕಾಲಿಗೆ ಕಟ್ಟಿದ ಗುಂಡಿನ ಹಾಗೆ ಭಾರವಾಯಿತು. ಥಾರ್ನ್‌ರಾಯ್ಡ್ ಊರಿನ ಉಣ್ಣೆ ಗಿರಣಿಗಳ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು ಅವರು. ಮೆಥೊಡಿಸ್ಟ್ ಚಾಪೆಲ್ಲಿನಲ್ಲಿ ಪಾಳಿಯ ಪ್ರಕಾರ ಪೀಠ ಹತ್ತಿ ಉಪದೇಶ ಹೇಳುವವರು. ಅದು ಸಾಲದೆಂದು, ಪತ್ರಿಕೆಯಲ್ಲಿ ಹೊಸ ಪದ ಕಂಡರೆ ಚೀಟಿಯಲ್ಲಿ ಬರೆದು ದೂರದ ನಿಘಂಟಿನವರಿಗೆ ಕಳಿಸುವ ಚಟವನ್ನೂ ಹಚ್ಚಿಕೊಂಡವರು. ಹಿಂದಿನ ಮಹಾಯುದ್ಧ ಮುಗಿದಂದಿನಿಂದ ಪದಗಳು ಬಂದದ್ದೇ ಬಂದದ್ದು. ಸುಖವಾದ ವರ್ಷ ಒಂದಾದರೂ ಒಂದು ಪದ ಕೊಟ್ಟಿದೆಯೇ ಎಂದು ಅವರಿಗೆ ಆಗಾಗ ಅನ್ನಿಸಿತ್ತು. ಗಿರಣಿ ಮುಚ್ಚಿದಾಗ ಡೋಲ್ ಎಂಬ ಹಳೆಯ ದಾನಧರ್ಮದ ಮಾತಿಗೆ ಕೆಲಸವಿಲ್ಲದವರ ಸರದಿ ಸಾಲು ಅಂಟಿಕೊಂಡಿತು. ಆಮೇಲೆ ಆ ದಾನಕ್ಕೆ ಯಾರು ಅರ್ಹರೆಂದು ಅಳೆಯುವ ಮೀನ್ಸ್ ಟೆಸ್ಟ್ ಬಂದು ಮನೆಮನೆಯ ಕಪಾಟು ತೆರೆದು ನೋಡಿತು. ಸ್ಪೇನಿನ ಕಾಳಗದಿಂದ ಫಿಫ್ತ್ ಕಾಲಂ ಬಂದಿತು: ಊರೊಳಗೇ ಅಡಗಿದ ಶತ್ರು. ಪಕ್ಕದ ಮನೆಯ ಜೇಬೆಜ್ ಓಲ್ಡ್‌ಫೀಲ್ಡ್ ಅದನ್ನು ಪತ್ರಿಕೆಯ ಐದನೆಯ ಕಾಲಂ ಎಂದು ತಿಳಿದು, "ಕ್ರಿಕೆಟ್ ಸುದ್ದಿ ಬರೋ ಜಾಗದಲ್ಲಿ ಇವರಿಗೇನು ಕೆಲಸ?" ಎಂದು ಕೇಳಿದ್ದ. ಆಗ ಮೇಷ್ಟರು ನಕ್ಕಿದ್ದರು. ಸ್ಲಾಮಾ ಬಂದ ಮೇಲೆ ಮಾಂಸದಂಗಡಿಯಲ್ಲಿ ಒಬ್ಬ ಹೆಂಗಸು, "ಹ್ಯಾನಾ, ನಿಮ್ಮ ಫಿಫ್ತ್ ಕಾಲಂಗೆ ಮೂಳೆ ಬೇಕಾ, ಕೊಬ್ಬು ಬೇಕಾ?" ಎಂದಾಗ ಅಂಗಡಿಯವರೆಲ್ಲ ನಕ್ಕರು. ಮೇಷ್ಟರು ಮಾತ್ರ ಟೋಪಿ ಸರಿಮಾಡಿಕೊಂಡರು.

ಸ್ಲಾಮಾ ನೆಲದ ಮೇಲೆ ಕುಳಿತು, ಮಂಚದ ಕೊನೆಯ ತಿರುಪನ್ನು ಕೈಯಲ್ಲಿ ಹಿಡಿದಿದ್ದ. "ಹಳೆಯ ಮಂಚ. ಆದರೆ ಸದ್ದು ಮಾಡುವುದಿಲ್ಲ. ಅವಳಿಗೆ ಸದ್ದು ಆಗುವುದಿಲ್ಲ," ಎಂದ. ಪುಸ್ತಕದಿಂದ ಕಲಿತ ಅವನ ಮಾತು ಒಗೆದು ಇಸ್ತ್ರಿ ಮಾಡಿದ ಹಾಗೆ ಇರುತ್ತಿತ್ತು. ಮೇಷ್ಟರು ಬಾಗಿಲ ಚೌಕಟ್ಟು ಹಿಡಿದು ನಿಂತರು. ತೀರಿಕೊಂಡಳು, ಕಾಲವಾದಳು, ದೇವರ ಪಾದ ಸೇರಿದಳು – ನಾಲಿಗೆಯ ಮೇಲೆ ಸಾಲಾಗಿ ಬಂದು ನಿಂತ ಪದಗಳಲ್ಲಿ ಒಂದೂ ಅವಳದಾಗಿರಲಿಲ್ಲ. "ಬೆಟ್ಟದಲ್ಲಿ ಹಿಮ ಬಿತ್ತಂತೆ," ಎಂದರು. ಅಷ್ಟೇ ಬಂದದ್ದು. ಸ್ಲಾಮಾ ಅವರ ಮುಖವನ್ನು ನೋಡಿದ. ಬಳಿಕ ತಿರುಪನ್ನು ಅದರ ಜಾಗದಲ್ಲಿಟ್ಟು, ನಿಧಾನವಾಗಿ, ಪೂರ್ತಿ ಬಿಗಿಯಾಗುವ ತನಕ ತಿರುಗಿಸಿದ.

ಅದು ಒಂದು ಕಾಲಕ್ಕೆ ಸೆಲ್ವಿನ್ನನ ಕೋಣೆ. ಮೇಷ್ಟರ ಒಬ್ಬನೇ ಮಗ. ಮಹಾಯುದ್ಧದಲ್ಲಿ ಫ್ಲಾಂಡರ್ಸ್‌ನ ಕೆಸರಿನಲ್ಲಿ ಅವನ ಗುರುತು ಸಿಗದೆ ಹೋದ ಮೇಲೆ ಹ್ಯಾನಾ ಆ ಕೋಣೆಯನ್ನು ವಾರಕ್ಕೊಮ್ಮೆ ಒರೆಸಿ, ಬಾಗಿಲು ಹಾಕಿಡುತ್ತಿದ್ದಳು. ಹೋದ ನವೆಂಬರಿನಲ್ಲಿ ಮಿಸ್ ಏಕ್‌ರಾಯ್ಡ್ ಕೊಟ್ಟ ವಿಳಾಸ ಹಿಡಿದು ಬಂದ ಸ್ಲಾಮಾ ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ದಾರಿಯುದ್ದಕ್ಕೂ ಉರುಹೊಡೆದಿದ್ದ ವಾಕ್ಯವನ್ನು ಒಪ್ಪಿಸಿದ್ದ: "ಅಮ್ಮಾ, ಇಲ್ಲಿ ಸಮಾಧಾನ ಬಾಡಿಗೆಗೆ ಇದೆಯೇ?" ಹ್ಯಾನಾ ಪೊರಕೆ ಹಿಡಿದೇ ಅವನನ್ನು ಮೇಲೆ ಕೆಳಗೆ ನೋಡಿದಳು. "ಇದ್ದಿದ್ರೆ ನಾನೇ ಇಟ್ಕೊಳ್ತಿದ್ದೆ ಕಣಪ್ಪ, ಬಾಡಿಗೆಗೆ ಯಾಕೆ ಬಿಡ್ಲಿ?" ಎಂದು ನಕ್ಕುಬಿಟ್ಟಳು. ಆ ಮನೆಯಲ್ಲಿ ಅಂಥ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಆಮೇಲೆ ತಿಳಿಯಿತು: ಅವನ ಭಾಷೆಯಲ್ಲಿ ಪೊಕೊಯ್ ಎಂದರೆ ಕೋಣೆಯೂ ಹೌದು, ಸಮಾಧಾನವೂ ಹೌದು. ಅವನ ಕಿಸೆಯ ಪುಟ್ಟ ಪದಕೋಶದಲ್ಲಿ ಸಮಾಧಾನ ಮೊದಲು, ಕೋಣೆ ಆಮೇಲೆ ಕೊಟ್ಟಿದ್ದರು; ಅವನು ಮೊದಲನೆಯದನ್ನು ನಂಬಿದ್ದ. "ಸರ್ಕಾರಗಳು ಮಾಡಿಕೊಳ್ಳುವ ಸಮಾಧಾನಕ್ಕೆ ನಮ್ಮಲ್ಲಿ ಬೇರೆ ಪದ," ಎಂದು ಅವನು ಒಲೆಯ ಮುಂದೆ ಕುಳಿತು ವಿವರಿಸಿದ್ದ. "ಅದು ಮೀರ್. ಪೊಕೊಯ್ ಎಂಬುದು ಸತ್ತವರಿಗೆ. ಮತ್ತು ಬಾಡಿಗೆದಾರರಿಗೆ." ಆ ರಾತ್ರಿಯೇ ಹ್ಯಾನಾ ಸೆಲ್ವಿನ್ನನ ಕೋಣೆಯ ಬೀಗದ ಕೈ ತಂದು ಅವನ ಮುಂದಿಟ್ಟಳು. ಗಂಡನನ್ನು ಒಂದು ಮಾತು ಕೇಳಲಿಲ್ಲ.

ಗಾಜಿನ ಮಣಿ ಕೊರೆಯುವ ಕಸುಬಿನವನಾದರೂ ಈ ದೇಶದಲ್ಲಿ ಕೂಲಿ ಮಾಡಕೂಡದೆಂಬ ಷರತ್ತಿನ ಮೇಲೆ ಅವನನ್ನು ಒಳಕ್ಕೆ ಬಿಟ್ಟಿದ್ದರು. ಕೈ ಸುಮ್ಮನಿರದೆ ಮನೆಯ ಕುರ್ಚಿ, ಗಡಿಯಾರ, ಚಾಪೆಲ್ಲಿನ ಹಾರ್ಮೋನಿಯಂ, ಸಿಕ್ಕಿದ್ದೆಲ್ಲ ರಿಪೇರಿ ಮಾಡುತ್ತಿದ್ದ. ಸಂಜೆ ಮೇಷ್ಟರ ಜತೆ ಪತ್ರಿಕೆ ಓದುವುದು. ಒಂದು ದಿನ ಮಾರ್ಕೆಟ್ ಚೌಕದಲ್ಲಿ ಪೊಲೀಸಿನವನ ಬದಲಿಗೆ ನಿಲ್ಲಿಸಿದ ಕೆಂಪು ಹಸಿರು ದೀಪದ ಕಂಬವನ್ನು ಜನ ರೋಬೋಟ್ ಎಂದು ಕರೆಯುವುದು ಕೇಳಿ ಅವನಿಗೆ ಎಲ್ಲಿಲ್ಲದ ಹಿಗ್ಗು. "ಅದು ನಮ್ಮದು! ನಮ್ಮ ಅಜ್ಜಂದಿರು ಒಡೆಯನ ಹೊಲದಲ್ಲಿ ಮಾಡುತ್ತಿದ್ದ ಬಿಟ್ಟಿ ದುಡಿಮೆಯ ಹೆಸರಿನಿಂದ ಹುಟ್ಟಿದ್ದು." ಮೇಷ್ಟರು ಚೀಟಿ ಬರೆದುಕೊಳ್ಳುತ್ತಿರುವಾಗ ಅವನು ಕಿಟಕಿಯ ಕಡೆಗೆ ತಿರುಗಿ, "ನಾವು ನಿಮಗೆ ರೋಬೋಟ್ ಕೊಟ್ಟೆವು, ಸರ್. ನೀವು ನಮಗೆ ಮ್ಯೂನಿಕ್ ಕೊಟ್ಟಿರಿ," ಎಂದಿದ್ದ. "ಅದು ಜರ್ಮನರ ಊರಲ್ವೇ?" "ಊರು ಅವರದು. ಪದ ನಿಮ್ಮದು." ಅವನ ನಾಡಿನ ಗಡಿಸೀಮೆಯನ್ನು ಜರ್ಮನರಿಗೆ ಬಿಟ್ಟುಕೊಡಲು ಈ ದೇಶದ ಪ್ರಧಾನಿ ಸಹಿ ಹಾಕಿದ್ದು ಆ ಊರಿನಲ್ಲೇ. ಹಗೆಯಿಲ್ಲದೆ, ಲೆನ್ಸಿನ ಮೂಲಕ ಗಾಜಿನ ಬಿರುಕು ತೋರಿಸುವವನ ಹಾಗೆ ಹೇಳಿದ್ದ. ಮೇಷ್ಟರ ಲೇಖನಿ ಮಸಿ ಕಾರಿ ಚೀಟಿಯ ಮೇಲೆ ದೊಡ್ಡ ಚುಕ್ಕೆ ಮಾಡಿತ್ತು.

ಅಂದು ಸಂಜೆ ಅವನು ಊಟಕ್ಕೆ ಇಳಿದು ಬಂದ. ಹ್ಯಾನಾ ಸಾರಿನ ಬಟ್ಟಲನ್ನು ಮುಂದಿಟ್ಟಳು; ಅವನು ಚಮಚ ಮುಟ್ಟಲಿಲ್ಲ. "ಸರ್, ಭಾನುವಾರ ಆ ಎತ್ತರದ ಪೆಟ್ಟಿಗೆಯಲ್ಲಿ ನಿಲ್ಲುವವರು ನೀವು ತಾನೇ?" "ಹೌದು." "ರೂಜೆನಾಗಾಗಿ ಪ್ರಾರ್ಥಿಸಿ. ನನಗೆ ದೇವರಿಲ್ಲ. ಅವಳಿಗೆ ಇದ್ದ. ಬೆಟ್ಟದ ಕೆಳಗೆ ನಿಮ್ಮ ಐರಿಷ್ ಜನರ ಕ್ಯಾಥೊಲಿಕ್ ಗುಡಿಯ ಪಾದ್ರಿ ಇದ್ದಾರೆ, ಆದರೆ ಅವರಿಗೆ ಅವಳ ಮಂಚ ಗೊತ್ತಿಲ್ಲ." ಮೇಷ್ಟರು ತಲೆಯಾಡಿಸಿದರು, ಒಪ್ಪಿಗೆಯೋ ಮರುಕವೋ ಅವರಿಗೇ ತಿಳಿಯಲಿಲ್ಲ. ಸ್ಲಾಮಾ ಇನ್ನೂ ಮುಗಿಸಿರಲಿಲ್ಲ. "ಒಂದು ವಿನಂತಿ. ಸಮಾಧಾನ ಎಂಬ ಪದ ಬೇಡ. ಅವಳ ಹೆಸರಿನ ಪಕ್ಕದಲ್ಲಿ ಅದು ಬರಬಾರದು." ಹೀಗೆಂದು ಬಟ್ಟಲಿಗೆ ಕ್ಷಮೆ ಕೇಳುವವನಂತೆ ಸ್ವಲ್ಪ ಬಾಗಿ ಎದ್ದು ಹೋದ.

ಅವನಿಗೆ ಗೊತ್ತಿದೆ ಎಂಬುದು ಮೇಷ್ಟರಿಗೂ ಗೊತ್ತು. ಕಳೆದ ಅಕ್ಟೋಬರಿನ ಮೊದಲ ಭಾನುವಾರ, ಯುದ್ಧ ತಪ್ಪಿತೆಂದು ಊರೆಲ್ಲ ಬೀದಿಯಲ್ಲಿ ತಬ್ಬಿಕೊಂಡು ಅತ್ತಿದ್ದ ವಾರ, ಅವರೇ ಪೀಠದಲ್ಲಿ ನಿಂತಿದ್ದರು. ಕೇಳಿದ್ದು ಕೊಟ್ಟು ತಣಿಸುವ ನೀತಿಗೆ ಅಪೀಸ್‌ಮೆಂಟ್ ಎಂಬ ಮಾತು ಪ್ರತಿದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಆ ಪದದ ಹೊಟ್ಟೆಯಲ್ಲಿ ಪೀಸ್ ಇದೆ, ಸಮಾಧಾನವಿದೆ. ಧೂಳು ಹಿಡಿದ ಒಳ್ಳೆಯ ಮಾತೊಂದು ಕೊನೆಗೂ ರಾಜ್ಯವಾಳುವವರ ಬಾಯಿಗೆ ಬಂದಿತಲ್ಲ ಎಂದು ಅವರು ಹಿಗ್ಗಿದ್ದರು. ನಿಘಂಟಿನವರಿಗೆ ಚೀಟಿಯನ್ನೂ ಕಳಿಸಿದ್ದರು. ತಮ್ಮ ಸೆಲ್ವಿನ್ನನಂಥ ಹುಡುಗರು ಇನ್ನು ಕೆಸರಿಗೆ ಬೀಳುವುದಿಲ್ಲ. ದನಿ ಒಡೆದು ಬಂದಿತ್ತು: ಈ ಅಪೀಸ್‌ಮೆಂಟಿಗಾಗಿ, ಓ ಕರ್ತನೇ, ನಿನಗೆ ಸ್ತೋತ್ರ. ಚಾಪೆಲ್ ತುಂಬ ಆಮೆನ್ ಮೊಳಗಿತು. ಕ್ರಿಸ್‌ಮಸ್ಸಿನ ಚಾಪೆಲ್ ಚಹಾಕೂಟದಲ್ಲಿ ಜೇಬೆಜ್ ಸ್ಲಾಮಾನ ಬೆನ್ನು ಚಪ್ಪರಿಸಿ, "ನಮ್ಮ ಮೇಷ್ಟ್ರ ಆ ಪ್ರಾರ್ಥನೆ ನೀನು ಕೇಳ್ಬೇಕಾಗಿತ್ತು ಕಣಯ್ಯ! ಒಂದು ಕಣ್ಣೂ ಒಣಗಿರ್ಲಿಲ್ಲ!" ಎಂದು ಇಡೀ ಮೇಜಿಗೆ ಕೇಳಿಸುವ ಹಾಗೆ ಬಣ್ಣಿಸಿದ. ಪ್ರೀತಿಯಿಂದಲೇ ಹೇಳಿದ್ದು. ಸ್ಲಾಮಾ ಗಮನವಿಟ್ಟು ಕೇಳಿ, "ದಯವಿಟ್ಟು ಉಪ್ಪು ಈ ಕಡೆ ಕೊಡಿ," ಎಂದ. ಮೇಷ್ಟರೇ ಕೊಟ್ಟರು. ಕೊಡುವಾಗ ಮೇಜಿನ ಬಟ್ಟೆಯ ಮೇಲೆ ಉಪ್ಪು ಚೆಲ್ಲಿತು. ಹ್ಯಾನಾ ಅದನ್ನು ಅಂಗೈಯಿಂದ ಬಳಿದಳು. ಅಪೀಸ್‌ಮೆಂಟ್ ಎಂಬ ಆ ಪದ ಈಗ ಬೀದಿಯ ಬೈಗುಳ. ಪ್ರಾಗ್ ಜರ್ಮನರ ಪಾಲಾದ ಮೇಲೆ ಹುಡುಗರೂ ಒಬ್ಬರನ್ನೊಬ್ಬರು ಹೇಡಿ ಎನ್ನುವುದಕ್ಕೆ ಅದನ್ನೇ ಬಳಸುತ್ತಿದ್ದರು. ಚೀಟಿಯನ್ನು ತಿದ್ದಿ ಬರೆಯಬಹುದು. ದೇವರ ಮುಂದೆ ಆಡಿದ್ದನ್ನು ತಿದ್ದಲು ಯಾವ ಅಂಚೆಯಿದೆ?

ಶನಿವಾರ ಮಧ್ಯಾಹ್ನ ಒಲೆಯ ಹಿಂದಿನ ಗೋಡೆ ಟಕಟಕ ಎಂದಿತು. ಆ ಸಾಲು ಮನೆಗಳಲ್ಲಿ ನೆರೆಯವರನ್ನು ಕರೆಯುವುದೇ ಹಾಗೆ: ಕೆಂಡ ಕೆದಕುವ ಸಲಾಕೆಯಿಂದ ಗೋಡೆ ತಟ್ಟಿದರೆ ಚಹಾ ಆಗಿದೆ ಬನ್ನಿ ಎಂದು ಅರ್ಥ. ಜೇಬೆಜ್ ಚಹಾ ಬಗ್ಗಿಸಿ, ಅವರ ಕಣ್ಣು ತಪ್ಪಿಸಿದ. ಗಿರಣಿಯಲ್ಲಿ ಮೇಸ್ತ್ರಿ, ಚಾಪೆಲ್ಲಿನಲ್ಲಿ ಮೇಲ್ವಿಚಾರಕ. "ಬ್ರದರ್ ಗ್ರೀನ್‌ವುಡ್," ಎಂದು ಶುರುಮಾಡಿದಾಗಲೇ ಮೇಷ್ಟರಿಗೆ ತಿಳಿಯಿತು. ಬ್ರದರ್ ಎಂದರೆ ಕಚೇರಿಯ ಮಾತು. "ನಾಳೆ ಸತ್ತೋರಿಗೆ ಪ್ರಾರ್ಥನೆ ಮಾಡ್ತೀರಂತೆ. ಹ್ಯಾನಾ ಹೇಳ್ಲಿಲ್ಲ, ಗೋಡೆ ಹೇಳ್ತು. ಉಳಿದೋರಿಗೆ ಧೈರ್ಯ ಕೊಡು ಅಂತ ಕೇಳಿ, ಯಾರೂ ಬೇಡ ಅನ್ನೋಲ್ಲ. ಸತ್ತೋರಿಗೆ ಕೇಳೋದು ರೋಮಿನ ಕ್ಯಾಥೊಲಿಕ್ರ ಪದ್ಧತಿ. ನಮ್ಮಲ್ಲಿಲ್ಲ." "ಗೊತ್ತು, ಜೇಬೆಜ್." "ನೀವೇ ಕಲಿಸಿದ್ದು ನಮಗೆ. ಸಂಡೇ ಸ್ಕೂಲಲ್ಲಿ. ಮರ ಬಿದ್ದ ಕಡೆ ಬಿತ್ತು, ಎತ್ತಿ ನಿಲ್ಲಿಸೋದು ನಮ್ಮ ಕೆಲಸ ಅಲ್ಲ ಅಂತ. ನಾಳೆ ಹಿರಿಯರು ನಿಮ್ಮ ಹೆಸರು ಪಾಳಿಯಿಂದ ತೆಗೀರಿ ಅಂದ್ರೆ ನಾನೇನು ಮಾಡ್ಲಿ ಮೇಷ್ಟ್ರೇ? ಪೀಠ ಬಿಟ್ರೆ ನಿಮಗೆ ಇನ್ನೇನಿದೆ?" ಕೊನೆಯ ಮಾತು ಬಾಯಿಂದ ಜಾರಿದ ಮೇಲೆ ಅವನೇ ಬೆಚ್ಚಿ, ಎರಡನೆಯ ಬಾರಿ ಸಕ್ಕರೆ ಹಾಕಿದ. ಮೇಷ್ಟರು ಆ ಅತಿ ಸಿಹಿಯಾದ ಚಹಾವನ್ನು ಪೂರ್ತಿ ಕುಡಿದರು.

ಸಂಡೇ ಸ್ಕೂಲಿನಲ್ಲಿ ಮಾತ್ರವಲ್ಲ, ಆ ಪಾಠವನ್ನು ಅವರು ಮನೆಯಲ್ಲೂ ಹೇಳಿದ್ದರು. ಸೆಲ್ವಿನ್ನನ ಸಾವಿನ ತಂತಿ ಬಂದ ವಾರ ಹ್ಯಾನಾ ಇದೇ ಅಡಿಗೆಮನೆಯಲ್ಲಿ ಅವರ ಕೋಟಿನ ತೋಳು ಹಿಡಿದು ಕೇಳಿದ್ದಳು: "ಭಾನುವಾರ ಅವನ ಹೆಸರು ಹೇಳು, ಎನಾಕ್. ಚಳಿ ಆಗ್ದೇ ಇರ್ಲಿ ಅಂತ ಕೇಳು. ಅಷ್ಟೇ ಸಾಕು." ಅವರು ಮೆಲ್ಲಗೆ ತೋಳು ಬಿಡಿಸಿಕೊಂಡು, ಅವನು ದೇವರ ಕೈಯಲ್ಲಿದ್ದಾನೆ, ದೇವರಿಗೆ ಬುದ್ಧಿ ಹೇಳಲು ನಾವು ಯಾರು ಎಂದು ಉಪದೇಶ ಮಾಡಿದ್ದರು. ಸರಿಯಾದ ಮಾತು. ತಪ್ಪೇ ಇಲ್ಲದ ಮಾತು. ಅಂದಿನಿಂದ ಅವಳು ಚಾಪೆಲ್ಲಿಗೆ ಬರುತ್ತಾಳೆ, ಹಾಡುತ್ತಾಳೆ. ಪ್ರಾರ್ಥನೆ ಮುಗಿದಾಗ ಎಲ್ಲರೂ ಆಮೆನ್ ಎನ್ನುವಾಗ ಅವಳ ತುಟಿ ಮಾತ್ರ ತೆರೆಯುವುದಿಲ್ಲ. ಪೀಠದ ಎತ್ತರದಿಂದ ಅದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಕೆಲವು ವರ್ಷಗಳ ಮೇಲೆ ಚೌಕದಲ್ಲಿ ಯುದ್ಧದಲ್ಲಿ ಮಡಿದವರಿಗೆ ಸೆನೊಟಾಫ್ ಎಂಬ ಸ್ಮಾರಕ ಎಬ್ಬಿಸಿ ಅದರ ಮೇಲೆ ಸೆಲ್ವಿನ್ನನ ಹೆಸರು ಕೆತ್ತಿದರು. ಊರಿನ ಬಾಯಿಗೆ ಹೊಸ ಪದ, ಯಾರ ನಾಲಿಗೆಗೂ ಹೊರಳದು. ಅದು ಗ್ರೀಕ್ ಮಾತು, ಖಾಲಿ ಗೋರಿ ಎಂದು ಅರ್ಥ ಎಂದು ಅವರು ವಿವರಿಸಲು ಹೊರಟಾಗ, "ಖಾಲಿ ಅನ್ನೋದನ್ನ ನನಗೆ ಗ್ರೀಕಲ್ಲಿ ಹೇಳ್ಕೊಡ್ಬೇಡ," ಎಂದು ಹ್ಯಾನಾ ಛತ್ರಿ ಬಿಚ್ಚಿಕೊಂಡು ಮುಂದೆ ನಡೆದಿದ್ದಳು.

ಜೇಬೆಜನ ಮನೆಯಿಂದ ಬಂದಾಗ ಅವಳು ಕಿಟಕಿಯ ಬಳಿ ಕುಳಿತು ಹೊಲಿಯುತ್ತಿದ್ದಳು. ರಾತ್ರಿ ವಿಮಾನದಾಳಿಗೆ ಬೆಳಕು ಕಾಣದಂತೆ ಮಾಡುವ ಬ್ಲ್ಯಾಕ್‌ಔಟಿಗೆಂದು ಸರ್ಕಾರದವರು ಕೊಳ್ಳಿ ಎಂದಿದ್ದ ಕಪ್ಪು ಬಟ್ಟೆ. ನಾಟಕದವರ ಪದ, ಈಗ ಮನೆಮನೆಯ ಕಿಟಕಿಗೆ ಬರುತ್ತಿತ್ತು. ಅದರ ಅಂಚಿನಿಂದ ಒಂದು ಪಟ್ಟಿ ಹರಿದು ಸ್ಲಾಮಾನ ಕೋಟಿನ ತೋಳಿಗೆ ಶೋಕದ ಗುರುತಾಗಿ ಸುತ್ತು ಹಾಕುತ್ತಿದ್ದಳು. ಕಣ್ಣೆತ್ತದೆ ಕೇಳಿದಳು: "ಅವನ ಹೆಂಡ್ತಿಗೆ ಮಾಡ್ತೀಯಾ?" ಮೇಷ್ಟರು ಕುರ್ಚಿಯ ಬೆನ್ನು ಹಿಡಿದರು. ಮಾಡುತ್ತೇನೆ ಎಂದರೆ ಇಪ್ಪತ್ತು ವರ್ಷದ ಹಿಂದೆ ಯಾಕೆ ಮಾಡಲಿಲ್ಲ ಎಂಬುದಕ್ಕೆ ಉತ್ತರವಿಲ್ಲ. ಮಾಡುವುದಿಲ್ಲ ಎಂದರೆ ಮೇಲೆ, ಆ ಎರಡನೆಯ ಮಂಚದ ಪಕ್ಕದಲ್ಲಿ, ಒಬ್ಬ ಮನುಷ್ಯ ಗೋಡೆ ನೋಡುತ್ತ ಕುಳಿತಿದ್ದಾನೆ. "ಏನು ಕೇಳ್ಬೇಕೋ ತಿಳೀತಿಲ್ಲ, ಹ್ಯಾನಾ. ಸಮಾಧಾನ ಅನ್ಬೇಡಿ ಅಂದಿದಾನೆ. ಆ ಪದ ಬಿಟ್ರೆ ನನ್ನ ಹತ್ರ ಏನೂ ಇಲ್ಲ." ಹ್ಯಾನಾ ದಾರವನ್ನು ಹಲ್ಲಿನಿಂದ ಕಡಿದಳು. "ನಿನ್ ಹತ್ರ ಯಾವಾಗ್ಲೂ ಪದಾನೇ ಇದ್ದಿದ್ದು, ಎನಾಕ್. ಈಗ ಅದಿಲ್ದೆ ಕೇಳು." ಕೋಟನ್ನು ಕೊಡವಿ ಮಡಚಿದಳು. "ಅವನು ಮೊದಲ್ನೇ ದಿನ ಬಂದಾಗ ಏನು ಕೇಳ್ದ, ಮರ್ತೆಯಾ? ಅವನಿಗೆ ಬೇಕಾಗಿದ್ದು ಏನಾಗಿತ್ತು?"

ಭಾನುವಾರ ಚಾಪೆಲ್ ತುಂಬಿತ್ತು. ಗೋಡೆ ಊರಿಗೆಲ್ಲ ಹೇಳಿತ್ತೆಂದು ತೋರುತ್ತದೆ. ಹಿಂದಿನ ಬೆಂಚಿನಲ್ಲಿ ಹ್ಯಾನಾ, ಅವಳ ಪಕ್ಕದಲ್ಲಿ ತೋಳಿಗೆ ಕಪ್ಪು ಪಟ್ಟಿಯ ಸ್ಲಾಮಾ. ಹಾಡು ಬರದಿದ್ದರೂ ಹಾಡಿನ ಪುಸ್ತಕವನ್ನು ಅವಳ ಜತೆ ಹಿಡಿದು ನಿಂತಿದ್ದ. ಕಾಣಿಕೆಯ ಮೇಜಿನ ಬಳಿ ಜೇಬೆಜ್ ನೆಲ ನೋಡುತ್ತಿದ್ದ. ಪೀಠದ ಹಲಗೆ ಮೇಷ್ಟರ ಅಂಗೈಗೆ ತಣ್ಣಗಿತ್ತು. ಈ ಹಲಗೆಯ ಮೇಲೆಯೇ ಅಕ್ಟೋಬರಿನಲ್ಲಿ ಕೈಯೂರಿದ್ದು. ಅರಸನಿಗಾಗಿ, ಮಂತ್ರಿಗಳಿಗಾಗಿ, ರೋಗಿಗಳಿಗಾಗಿ ಬೇಡಿಕೊಂಡರು. ಅಭ್ಯಾಸದ ಮಾತು ತಾನಾಗಿ ಹರಿಯಿತು, ಹರಿದು ಒಂದು ಕಡೆ ನಿಂತಿತು. ಯಾರೋ ಕೆಮ್ಮಿದರು. ನನಗೆ ವಯಸ್ಸಾಯಿತು, ಮರೆತುಬಿಟ್ಟೆ ಎಂದು ಇವರು ತಿಳಿಯಲಿ, ಹೀಗೇ ಇಳಿದುಬಿಡೋಣ ಎಂದು ಒಂದು ಮನಸ್ಸು ಹೇಳಿತು. ಕಣ್ಣು ತೆರೆದು ನೋಡಿದರು. ಪ್ರಾರ್ಥನೆಯ ನಡುವೆ ಪೀಠದಲ್ಲಿ ಅವರು ಕಣ್ಣು ತೆರೆದದ್ದು ಅದೇ ಮೊದಲು. ಎಲ್ಲರ ತಲೆ ಬಾಗಿತ್ತು, ಹಿಂದಿನ ಬೆಂಚಿನ ಆ ಇಬ್ಬರದು ಬಿಟ್ಟು. ಹ್ಯಾನಾ ಅವರನ್ನೇ ನೋಡುತ್ತಿದ್ದಳು, ಅಂದು ಕೋಟಿನ ತೋಳು ಹಿಡಿದಾಗ ನೋಡಿದ ಹಾಗೆ.

"ತಂದೆಯೇ," ಎಂದರು. ದನಿ ಪೀಠದ್ದಾಗಿರಲಿಲ್ಲ, ಬಾಗಿಲಲ್ಲಿ ಟೋಪಿ ತೆಗೆದು ನಿಂತವನದಾಗಿತ್ತು. "ರೂಜೆನಾ ಎಂಬ ಹೆಂಗಸು ಹಿಮದಲ್ಲಿ ನಡೆದು ನಿನ್ನ ಮನೆಗೆ ಬಂದಿದ್ದಾಳೆ. ನಿನ್ನ ಮನೆ ದೊಡ್ಡದು ಎಂದು ಕೇಳಿದ್ದೇವೆ. ಅವಳಿಗೆ ಒಂದು ಕೋಣೆ ಕೊಡು."

ಹಿಂದಿನ ಬೆಂಚಿನಲ್ಲಿ ಸ್ಲಾಮಾ ಪುಸ್ತಕ ಕೆಳಗಿಟ್ಟ.

"ನಮ್ಮ ಊರಿನಲ್ಲಿ ಅವಳಿಗಾಗಿ ಮಂಚ ಹಾಕಿದ್ದೆವು, ಅಲ್ಲಿಗೆ ಅವಳನ್ನು ತಲುಪಿಸಲಾರದೆ ಹೋದೆವು. ನಾವು ತಲುಪಿಸಲಿಲ್ಲ, ತಂದೆಯೇ. ನಾನು ಇಲ್ಲಿ ನಿಂತು ನಿನಗೆ ಸ್ತೋತ್ರ ಹೇಳುತ್ತಿದ್ದಾಗ ಅವಳ ಮನೆಯ ಬಾಗಿಲು ಮುರಿಯುತ್ತಿತ್ತು. ಅವಳ ಕಾಗದ ಪತ್ರ ಕೇಳಬೇಡ. ಕಾಲು ಒದ್ದೆಯಾಗಿದೆ, ಮೊದಲು ಒಲೆಯ ಹತ್ತಿರ ಕೂರಿಸು. ಮಂಚ ಸದ್ದು ಮಾಡದಿರಲಿ. ಕಿಟಕಿಗೆ ಕಪ್ಪು ಬಟ್ಟೆ ಬೇಡ. ಬಾಗಿಲಿಗೆ ಹೊರಗಿನಿಂದ ಚಿಲಕ ಬೇಡ." ಹಲಗೆಯನ್ನು ಬಿಗಿಹಿಡಿದರು. ಮುಂದಿನದು ನಾಲಿಗೆಯ ತುದಿಯಲ್ಲಿತ್ತು, ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು, ಬರಲಿಲ್ಲ.

"ಪಕ್ಕದ ಕೋಣೇಲಿ ನಮ್ಮ ಸೆಲ್ವಿನ್ ಇದಾನೆ, ಸ್ವಾಮಿ," ಎಂದು ಹ್ಯಾನಾ ಕುಳಿತಲ್ಲಿಂದಲೇ, ಅಂಗಡಿಯಲ್ಲಿ ಮಾತಾಡುವಷ್ಟೇ ಸಹಜವಾಗಿ, ಹೇಳಿದಳು.

ಕಾಣಿಕೆಯ ಮೇಜಿನ ಬಳಿಯಿಂದ ಆಮೆನ್ ಎಂದು ಒಂದು ಒಡಕು ದನಿ ಕೇಳಿತು. ಅದು ಜೇಬೆಜನದು.

"ಇದ್ದಾನೆ, ತಂದೆಯೇ," ಎಂದರು ಮೇಷ್ಟರು. "ಅವನಿಗೆ ಚಳಿಯಾಗದಿರಲಿ. ಇದನ್ನು ಕೇಳಲು ತಡಮಾಡಿದೆ. ನೀನು ನಾನು ಕೇಳುವ ತನಕ ಕಾದಿರಲಾರೆ ಎಂದು ನಂಬುತ್ತೇನೆ. ಅವರಿಬ್ಬರ ನಡುವಿನ ಗೋಡೆ ನಮ್ಮ ಗೋಡೆಯ ಹಾಗೆ ತೆಳ್ಳಗಿರಲಿ. ಅವಳು ಪರಿಚಯವಿಲ್ಲದ ಮನೆಯಲ್ಲಿ ಒಬ್ಬಳೇ ಕುಳಿತಿದ್ದಾಳೆ. ಚಹಾ ಆಗಿದೆ ಎಂದು ಗೋಡೆ ತಟ್ಟಲು ನಮ್ಮ ಹುಡುಗನಿಗೆ ಹೇಳು. ಅವಳಿಗೆ ಅವನ ಭಾಷೆ ಬಾರದು. ಅವನಿಗೆ ಅವಳದು ಬಾರದು. ಒಂದು ಪದವೂ ಬೇಡದ ಕಡೆ ಅವರನ್ನು ಇಟ್ಟುಕೋ. ಅಲ್ಲಿ ಅವರು ಚೆನ್ನಾಗಿ ನಿದ್ದೆ ಮಾಡಲಿ. ಆಮೆನ್."